ಏಣಿಯ ಬುಡದಲ್ಲಿ ಅಡ್ಡಗಾಲು ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರ್ಧ ಎದ್ದ ಕಟ್ಟಡದ ಗೋಡೆಗೆ ತಾಗಿಸಿ ಕಟ್ಟಿದ ಸಾರುವೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಾರೆ. ಸೊಂಟದ ಪಟ್ಟಿಯ ಕೊಕ್ಕೆ ಸಿಕ್ಕಿಸಿಕೊಂಡು, ಒಂದೊಂದೇ ಗಂಟನ್ನು ಜಗ್ಗಿ ನೋಡುತ್ತಾರೆ. ಹಲಗೆಗಳನ್ನು ಕಾಲಿಂದ ಒದೆಯುತ್ತಾರೆ. ಮೂರನೆಯ ಮಹಡಿಯ ಹತ್ತಿರ ಬಂದವರು ಗಕ್ಕನೆ ನಿಲ್ಲುತ್ತಾರೆ. ಯಾರೂ ಆಚೆ ಬೀಳದಂತೆ ಕಟ್ಟಿದ್ದ ಅಡ್ಡ ಬೊಂಬು ಮಾಯ! ಸರಸರನೆ ಇಳಿದು, ಏಣಿಯ ಬುಡದಲ್ಲಿ ಕಾಲು ಚಾಚಿ ಕೂತುಬಿಡುತ್ತಾರೆ. ಇನ್ನು ಯಾರೂ ಹತ್ತುವಂತಿಲ್ಲ.

ಕೆಲಸದವರು ಇವರನ್ನು ಕರೆಯುವುದು ಅಡ್ಡಗಾಲು ಅಕ್ಕ ಎಂದೇ. ಇವರ ಕೆಲಸ ಸಾರುವೆ ಕಾಯುವುದು. ಕಟ್ಟಡ ಮುಗಿದ ಮೇಲೆ ಗೋಡೆ ಕಟ್ಟಿದವರ, ಬಣ್ಣ ಬಳಿದವರ ಕೈಚಳಕವನ್ನು ಜನ ಹೊಗಳುತ್ತಾರೆ. ಸಾರುವೆ ಬಿಚ್ಚಿ ಲಾರಿಗೆ ಹಾಕಿದರೆ ಅಕ್ಕನ ಕೆಲಸದ ಗುರುತೂ ಉಳಿಯುವುದಿಲ್ಲ. ಯಾರೂ ಬೀಳಲಿಲ್ಲ ಎಂಬುದು ಯಾರ ಕಣ್ಣಿಗೆ ಕಾಣಬೇಕು? ಇದು ಅನ್ಯಾಯವಲ್ಲದೆ ಮತ್ತೇನು?

ಮೊದಲು ಇವರು ಗಾರೆ ಹೊರುತ್ತಿದ್ದರು, ಗಂಡ ಗೋಡೆ ಕಟ್ಟುತ್ತಿದ್ದರು. ಒಂದು ದಿನ ಇಟ್ಟಿಗೆ ಬುಟ್ಟಿ ಒಳಗೆಳೆದುಕೊಳ್ಳಲು ಗಂಡ ಅಡ್ಡ ಬೊಂಬು ಬಿಚ್ಚಿದರು. ಕೆಲಸದ ಭರದಲ್ಲಿ ಮತ್ತೆ ಕಟ್ಟಲು ಮರೆತರು. ಸ್ವಲ್ಪ ಹೊತ್ತಿಗೆ ಬೆನ್ನು ನೋವೆಂದು, ದಿನಾ ಆ ಬೊಂಬಿಗೆ ಒರಗುವ ಹಾಗೆ ಒರಗಿದರು.

"ಬೇರೆ ಯಾರಾದ್ರೂ ಬಿಚ್ಚಿದ್ರೆ ಹೋಗಿ ಜಗಳ ಆಡ್ತಿದ್ದೆ. ಬಿಚ್ಚಿದ್ದು ಇವರೇ. ಯಾರ ಜುಟ್ಟು ಹಿಡೀಲಿ?" ಎನ್ನುತ್ತಾರೆ ಅಕ್ಕ.

ಗಂಡನ ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಈಗ ಕೂತಲ್ಲೇ ಅಡುಗೆ ಮಾಡುತ್ತಾರೆ. "ಉಪ್ಪಿನ ಡಬ್ಬಿ ಮಾತ್ರ ಅವರ ಕೈಗೆ ಸಿಗಬಾರದು" ಎಂದು ಅಕ್ಕ ನಗುತ್ತಾರೆ. ಮನೆಗೆ ದುಡಿದು ತರುವ ಕೈ ಇವರೊಬ್ಬರದೇ.

ಅಕ್ಕ ಏಣಿಯ ಬುಡದಲ್ಲಿ ಕೂತಿರುವಾಗಲೇ ಮೇಸ್ತ್ರಿ ಬರುತ್ತಾರೆ. ಅವರು ಅಕ್ಕನ ಒಡಹುಟ್ಟಿದ ಅಣ್ಣ. ಬರುತ್ತಲೇ ಕೂಗಾಡುತ್ತಾರೆ: "ಕಾಂಕ್ರೀಟ್ ಗಾಡಿ ಗೇಟಿಗೆ ಬಂದು ನಿಂತಿದೆ. ಏಳ್ತೀಯೋ, ಇಲ್ಲ ನಾಳೆಯಿಂದ ಮನೇಲೇ ಇರ್ತೀಯೋ?"

"ನಾಳೆ ಬೇಡ ಅಂದ್ರೆ ಬೇಡ. ಇವತ್ತಂತೂ ಇಲ್ಲಿಂದ ಏಳಲ್ಲ. ಹತ್ತಲೇಬೇಕು ಅಂದ್ರೆ ನನ್ನನ್ನ ತುಳಿದ್ಕೊಂಡು ಹತ್ತಣ್ಣ."

ಅಣ್ಣ ಹಲ್ಲು ಕಡಿಯುತ್ತಾರೆ. ಗೇಟಿನ ಕಡೆ ನೋಡುತ್ತಾರೆ, ತಂಗಿಯ ಕಡೆ ನೋಡುತ್ತಾರೆ. ಕೊನೆಗೆ ಬೊಂಬು ತರಿಸುತ್ತಾರೆ. ಮೂರನೆಯ ಮಹಡಿಯ ಬೊಂಬು ಬಿಚ್ಚಿದ್ದ ಕೆಲಸದವನೇ ಮುಖ ಗಂಟಿಕ್ಕಿಕೊಂಡು, ಕೊಕ್ಕೆ ಸಿಕ್ಕಿಸಿಕೊಂಡು ಹೋಗಿ ಕಟ್ಟುತ್ತಾನೆ. ಅಕ್ಕ ಮೇಲೆ ಹೋಗಿ ನೋಡಿ ಬಂದ ಮೇಲೆಯೇ ಉಳಿದವರಿಗೆ ಏಣಿ ಸಿಗುವುದು. ನಾಳೆಯ ಮಾತನ್ನು ಅಣ್ಣ ಮತ್ತೆ ಎತ್ತುವುದಿಲ್ಲ. ಅಕ್ಕ ಕೇಳುವುದೂ ಇಲ್ಲ.

ಸಾಲಾಗಿ ಹತ್ತುತ್ತಿದ್ದವರಲ್ಲಿ ಒಬ್ಬ ಅಕ್ಕನಿಗೆ ಕೇಳಿಸುವ ಹಾಗೇ ಬೈದುಕೊಳ್ಳುತ್ತಾನೆ.

"ಬೈಲಿ ಬಿಡಿ" ಎನ್ನುತ್ತಾರೆ ಅಕ್ಕ, ಹೆಲ್ಮೆಟ್ ಸರಿಮಾಡಿಕೊಳ್ಳುತ್ತಾ. "ಸಂಜೆ ಮನೆಗೆ ಹೋಗಿ, ಹೆಂಡ್ತಿ ಮುಂದೆ ಕೂತ್ಕೊಂಡು ಇನ್ನೂ ಚೆನ್ನಾಗಿ ಬೈಲಿ. ನನಗೆ ಅಷ್ಟು ಸಾಕು."