ಎದುರು ಮನೆ ಕಾರಿನ ಹೊಳಪು

ಚೆಲುವರಾಜುವಿಗೆ ಕುಡಿತದ ಚಟವಿರಲಿಲ್ಲ, ಇಸ್ಪೀಟಿನ ಹುಚ್ಚಿರಲಿಲ್ಲ, ಬೀಡಿ ಕೂಡ ದಿನಕ್ಕೆ ಎರಡೇ. ಇದ್ದದ್ದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದೂ ಊರವರೆಲ್ಲರ ಮೇಲಲ್ಲ, ಎದುರು ಮನೆಯ ಡ್ರೈವರ್ ಗುರುಸಿದ್ದಯ್ಯನೊಬ್ಬನ ಮೇಲೆ. ಆಸ್ತಿಪಾಸ್ತಿಯ ಜಗಳವೇ ಅಂದರೆ ಅದೂ ಅಲ್ಲ. ಗುರುಸಿದ್ದಯ್ಯನ ಕಾರು ಹೊಳೆಯುತ್ತಿತ್ತು, ಇವನ ಕಾರು ಹೊಳೆಯುತ್ತಿರಲಿಲ್ಲ. ನಗಬೇಡಿ, ಅಷ್ಟಕ್ಕೇ ನಾಲ್ಕು ವರ್ಷ ಇವನು ಉಂಡ ಅನ್ನ ಮೈಗೆ ಹತ್ತಲಿಲ್ಲ.

ಇಲವಾಲದ ಒಕ್ಕಲು ಮನೆಯವನು ಚೆಲುವರಾಜು. ನೇಗಿಲು ಹಿಡಿಯಲಾರೆ ಅಂತ ಅಪ್ಪನ ಹತ್ತಿರ ಜಗಳ ಆಡಿಕೊಂಡು ಮೈಸೂರಿಗೆ ಬಂದು, ಲಾರಿ ತೊಳೆದು, ಬೈಗುಳ ತಿಂದು, ಸ್ಟೀರಿಂಗ್ ಹಿಡಿಯೋದು ಕಲಿತವನು. ಕೃಷ್ಣಮೂರ್ತಿಪುರಂನ ಡಾಕ್ಟರ್ ಸುಂದರೇಶ ಅವರು ಅವನನ್ನು ಕೆಲಸಕ್ಕೆ ಇಟ್ಟುಕೊಂಡಾಗ ಇಡೀ ಇಲವಾಲಕ್ಕೆ ಸುದ್ದಿ ಮುಟ್ಟಿಸಿದ್ದ. ಐವತ್ತನಾಲ್ಕನೇ ಇಸವಿಯಲ್ಲಿ ಡಾಕ್ಟರರೂ ಅವರ ಎದುರು ಮನೆಯ ರೇಷ್ಮೆ ವ್ಯಾಪಾರಿ ಚನ್ನಬಸವಯ್ಯನವರೂ ಮಾತಾಡಿಕೊಂಡು ಒಂದೇ ದಿನ ಎರಡು ಕಪ್ಪು ಲ್ಯಾಂಡ್‌ಮಾಸ್ಟರ್ ಕಾರು ಕೊಂಡರು. ಡ್ರೈವರುಗಳಿಬ್ಬರೂ ರೈಲಲ್ಲಿ ಬೆಂಗಳೂರಿಗೆ ಹೋಗಿ ಒಂದರ ಹಿಂದೆ ಒಂದು ಓಡಿಸಿಕೊಂಡು ಬಂದರು. ದಾರಿಯಲ್ಲಿ ಚನ್ನಪಟ್ಟಣದ ಹತ್ತಿರ ಮರದ ಕೆಳಗೆ ನಿಲ್ಲಿಸಿ ಕಾಫಿ ಕುಡಿದರು. ಆಗ ಯಾವ ಕಾರು ಯಾರದು ಅಂತ ನಂಬರು ನೋಡಿಯೇ ಹೇಳಬೇಕಿತ್ತು.

ನಾಲ್ಕು ವರ್ಷ ಆಗುವಷ್ಟರಲ್ಲಿ ನಂಬರು ನೋಡುವ ಅಗತ್ಯವೇ ಇರಲಿಲ್ಲ. ಚನ್ನಬಸವಯ್ಯನವರ ಕಾರು ನಿನ್ನೆ ಮೊನ್ನೆ ಅಂಗಡಿಯಿಂದ ಇಳಿದ ಹಾಗಿತ್ತು. ಡಾಕ್ಟರರ ಕಾರಿನ ಕಪ್ಪು ಮಾಸಿ, ಹಳೇ ಕೊಡೆಯ ಬಟ್ಟೆಯ ಹಾಗಾಗಿತ್ತು. ಓಡಿದ ರಸ್ತೆ ಒಂದೇ, ಕುಡಿದ ಧೂಳು ಒಂದೇ, ನಿಂತ ಬಿಸಿಲು ಒಂದೇ. ಆಯುಧಪೂಜೆ ದಿನ ಬೀದಿಯ ಹೆಂಗಸರು ಆ ಕಾರಿನ ಮುಂದೆ ನಿಂತು ಹೂವು ಸರಿಮಾಡಿಕೊಳ್ಳುತ್ತಿದ್ದರು. ಅದನ್ನು ನೋಡಿ ಚೆಲುವರಾಜು ತನ್ನ ಕಾರಿಗೆ ಒಡೆಯಬೇಕಾದ ಕುಂಬಳಕಾಯಿಯನ್ನು ಎಷ್ಟು ಜೋರಾಗಿ ಬಡಿದನೆಂದರೆ ಅದರ ತಿರುಳು ಹಾರಿ ಡಾಕ್ಟರರ ಪಂಚೆಗೆ ಬಿತ್ತು.

ಗುರುಸಿದ್ದಯ್ಯ ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವನು. ಹಣೆಯ ಮೇಲೆ ಮೂರು ಬೆರಳಿನ ಈಬತ್ತಿ, ಬಾಯಲ್ಲಿ ಮಾತು ಕಮ್ಮಿ. ನಂಜುಮಳಿಗೆಯ ಹತ್ತಿರ ಇಬ್ಬರದೂ ಒಂದೇ ವಠಾರ, ಹೆಂಡಿರಿಗೆ ಒಂದೇ ನಲ್ಲಿ. ಏನು ಹಚ್ಚುತ್ತೀರಿ ಅಂತ ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದ. ಆದರೆ ಕೇಳುವುದೇ? ಇವನು? ಕೇಳಿದರೆ ಸೋತೆ ಅಂತ ಒಪ್ಪಿಕೊಂಡ ಹಾಗಲ್ಲವೇ!

ಕೇಳುವ ಬದಲು ಚೆಲುವರಾಜು ತಾನೇ ಪರೀಕ್ಷೆಗೆ ಇಳಿದ. ಕಾರಿಗೆ ನಾಲ್ಕು ಬಾಗಿಲು ಇದ್ದದ್ದು ಅನುಕೂಲವಾಯಿತು. ಮುಂದಿನ ಎಡ ಬಾಗಿಲಿಗೆ ಅಶೋಕ ರಸ್ತೆಯ ಅಂಗಡಿಯಿಂದ ತಂದ ಡಬ್ಬಿ ಪಾಲಿಶು. ಎರಡು ದಿನ ಹೊಳೆದು, ಮೂರನೇ ದಿನ ಸಂದಿಗೊಂದಿಯಲ್ಲೆಲ್ಲ ಬೆಳ್ಳಗೆ ಒಣಗಿ ಕೂತಿತು. ಅದರ ಹಿಂದಿನ ಬಾಗಿಲಿಗೆ ಕೊಬ್ಬರಿ ಎಣ್ಣೆ ಸವರಿದ. ಸಂಜೆ ಏನು ಹೊಳಪು ಅಂತೀರಿ! ಬೆಳಿಗ್ಗೆ ನೋಡಿದರೆ ನೀಲಗಿರಿ ರಸ್ತೆಯ ಧೂಳೆಲ್ಲ ಅದೇ ಬಾಗಿಲಿಗೆ ಮೆತ್ತಿಕೊಂಡಿತ್ತು. ಬಲಗಡೆ ಮುಂದಿನ ಬಾಗಿಲನ್ನು ಸೀಮೆಎಣ್ಣೆ ಬೆರೆಸಿದ ನೀರಲ್ಲಿ ಒರೆಸಿದ. ಕೊಳೆ ಹೋಯಿತು ನಿಜ, ಅದರ ಜೊತೆ ಇದ್ದಬದ್ದ ಕಳೆಯೂ ಹೋಯಿತು. ಉಳಿದ ಬಾಗಿಲಿಗೆ ಸೀಗೆಪುಡಿ ಹಾಕಿ ಉಜ್ಜಿದ. ನಾಲ್ಕರಲ್ಲಿ ಅದೇ ವಾಸಿ. ಆದರೆ ಒಂದು ಮಳೆ ಹನಿದದ್ದೇ ತಡ, ಮೈತುಂಬ ನೀರಿನ ಕಲೆ.

ಡಾಕ್ಟರರ ಹೆಂಡತಿ ವಸಂತಮ್ಮನವರು ತವರಿಗೆ ಹೊರಟವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾಗಿಲು ತೆಗೆಯಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಬೆರಳು ಮೂಸಿ ನೋಡಿದರು.

"ಏನಯ್ಯ ಇದು ಚೆಲುವರಾಜು, ಈ ಕಡೆ ತಲೆಗೆ ಹಚ್ಚೋ ಎಣ್ಣೆ, ಆ ಕಡೆ ಸೀಗೆಪುಡಿ. ನಾನು ಕಾರಲ್ಲಿ ಕೂತ್ಕೋಬೇಕೋ, ಇಲ್ಲ ಸ್ನಾನಕ್ಕೆ ಕೂತ್ಕೋಬೇಕೋ?"

ಎದುರು ಮನೆ ಗೇಟಿನ ಹತ್ತಿರ ಗುರುಸಿದ್ದಯ್ಯ ನಿಂತಿದ್ದ. ನಕ್ಕನೋ ಇಲ್ಲವೋ ಗೊತ್ತಿಲ್ಲ. ನಕ್ಕ ಅಂತಲೇ ಚೆಲುವರಾಜು ಲೆಕ್ಕ ಹಿಡಿದ.

ಇದು ಬರೀ ಮಾನದ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಆ ಶ್ರಾವಣದಲ್ಲಿ ವಿಷಯ ಹೊಟ್ಟೆಪಾಡಿಗೇ ಬಂತು. ಒಂದು ಸಂಜೆ ಡಾಕ್ಟರ್ ದಂಪತಿಗಳನ್ನು ಕೂರಿಸಿಕೊಂಡು ಬರುತ್ತಿದ್ದಾಗ ಹಿಂದಿನ ಸೀಟಿನಿಂದ ವಸಂತಮ್ಮನವರ ಮಾತು ಕೇಳಿಸಿತು.

"ಚನ್ನಬಸವಯ್ಯನವರು ಮಗನ ಹತ್ರ ದಾವಣಗೆರೆಗೆ ಹೋಗಿಬಿಡ್ತಾರಂತೆ ಕಣ್ರೀ. ಕಾರು ಮಾರ್ತಾರಂತೆ. ಪಾಪ, ಆ ಗುರುಸಿದ್ದಯ್ಯನಿಗೆ ಕೆಲಸ ಇಲ್ಲದ ಹಾಗಾಗುತ್ತೆ. ಅಂಥ ಡ್ರೈವರ್ ಹುಡುಕಿದ್ರೂ ಸಿಗಲ್ಲ."

"ನೋಡೋಣ," ಅಂದರು ಡಾಕ್ಟರರು.

ಏನು ನೋಡೋದು? ಯಾರನ್ನು ನೋಡೋದು? ಒಂದು ಮನೆಗೆ ಇಬ್ಬರು ಡ್ರೈವರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಬಲ್ಬು ಹಾರ್ನು ಅಂತ ಏನೂ ಕೆಡದ ಹಾಗೆ ನೋಡಿಕೊಂಡಿದ್ದೇನೆ, ಒಂದು ದಿನ ತಡ ಮಾಡಿದವನಲ್ಲ, ಅದೆಲ್ಲ ಇವರ ಕಣ್ಣಿಗೆ ಕಾಣಲ್ಲ, ಆ ದರಿದ್ರದ ಹೊಳಪು ಮಾತ್ರ ಕಾಣುತ್ತೆ ಅಂತ ಚೆಲುವರಾಜು ಒಳಗೊಳಗೇ ಕುದ್ದ. ವಠಾರಕ್ಕೆ ಬಂದವನು ಗುರುಸಿದ್ದಯ್ಯನ ಮನೆ ಮುಂದೆ ಒಣಗಹಾಕಿದ್ದ ಖಾಕಿ ಅಂಗಿಯನ್ನು ಕಂಡು ಅದರ ಮೇಲೂ ಹಲ್ಲು ಕಡಿದ. ಕಡೆಗೆ ಅಭಿಮಾನ ನುಂಗಿಕೊಂಡು, ಅದೂ ಅರ್ಧ ಮಾತ್ರ ನುಂಗಿಕೊಂಡು, ಹೆಂಡತಿ ಕೆಂಚಮ್ಮನನ್ನು ಕರೆದು, ನಲ್ಲಿ ಹತ್ತಿರ ಅವನ ಹೆಂಡತಿ ಪುಟ್ಟಬಸಮ್ಮನ ಬಾಯಿ ಬಿಡಿಸು ಅಂದ.

ಕೆಂಚಮ್ಮ ಮರುದಿನವೇ ತುಂಬಿದ ಬಿಂದಿಗೆಯ ಜೊತೆ ಸುದ್ದಿ ಹೊತ್ತು ತಂದಳು.

"ಬೂದಿಯಂತೆ ಕಣ್ರೀ!"

"ಬೂದಿಯಾ?"

"ಹೂಂ, ಬೂದಿ ಹಾಕಿ ಉಜ್ತಾರಂತೆ. ಆಮೇಲೆ ಇನ್ನೇನೋ ಅಂದ್ಳು, ಬಿಂದಿಗೆ ಸದ್ದಲ್ಲಿ ಕೇಳಿಸ್ಲಿಲ್ಲ."

ಚೆಲುವರಾಜು ಹಣೆ ಬಡಿದುಕೊಂಡ. ಗುರುಸಿದ್ದಯ್ಯ ತಿಂಗಳಿಗೊಂದು ಭಾನುವಾರ ಚಿಕ್ಕ ಬಟ್ಟೆ ಚೀಲದಿಂದ ಬೆಳ್ಳನೆ ಪುಡಿ ತೆಗೆಯೋದನ್ನು ರಸ್ತೆಯ ಈ ಕಡೆಯಿಂದ ಎಷ್ಟು ಸಲ ನೋಡಿದ್ದ! ಸೀಮೆಯಿಂದ ತರಿಸಿದ ಪುಡಿಯೇನೋ ಅಂತ ಬೆಂದಿದ್ದ. ಕಂಚಿನ ತಟ್ಟೆ, ಹಿತ್ತಾಳೆ ಚೊಂಬು ದಿನಾ ಬೂದಿಯಲ್ಲೇ ತಾನೇ ಫಳಫಳ ಅನ್ನೋದು? ಇಷ್ಟು ದಿನ ತನ್ನ ಒಲೆಯಲ್ಲೇ ಬಿದ್ದಿದ್ದ ವಸ್ತುವಿಗೆ ಅಶೋಕ ರಸ್ತೆ ಸುತ್ತಿದೆನಲ್ಲ!

ಶನಿವಾರ ಡಾಕ್ಟರರು ಯಾವುದೋ ಸಭೆಗೆ ಅಂತ ರೈಲಲ್ಲಿ ಬೆಂಗಳೂರಿಗೆ ಹೋದರು, ಬರುವುದು ಸೋಮವಾರ. ವಸಂತಮ್ಮನವರು ಮತ್ತೆ ತವರಿಗೆ ಹೋಗಿದ್ದರು. ಚೆಲುವರಾಜು ಮನೆಯ ಒಲೆ ಬೂದಿಯನ್ನು ಸೀರೆ ತುಂಡಲ್ಲಿ ಜರಡಿ ಹಿಡಿದು ಡಬ್ಬದಲ್ಲಿ ತುಂಬಿಕೊಂಡು ಹೋದ. ಬಾನೆಟ್ಟಿನ ಮೇಲೆ ಚೆಲ್ಲಿ, ನೀರು ಚಿಮುಕಿಸಿ, ಒದ್ದೆ ಬಟ್ಟೆ ಹಿಡಿದು ಉಜ್ಜಿದ. ನಾಲ್ಕು ವರ್ಷದ ಸಿಟ್ಟೆಲ್ಲ ತೋಳಿಗೆ ಬಂದಿತ್ತು. ಗುರುಸಿದ್ದಯ್ಯನ ಮುಖ ನೆನೆಸಿಕೊಂಡು ಇನ್ನಷ್ಟು ಒತ್ತಿ ಉಜ್ಜಿದ. ಆಮೇಲೆ ಒಂದು ಚೊಂಬು ನೀರು ಸುರಿದ.

ಬಾನೆಟ್ಟಿನ ತುಂಬ ಸುರುಳಿ ಸುರುಳಿ ಗೀರು. ಮೊದಲು ಮಂಕಾಗಿತ್ತು ಅಷ್ಟೇ, ಈಗ ಬೆಕ್ಕು ಪರಚಿದ ಹಾಗಾಗಿತ್ತು.

ಎಣ್ಣೆ ಹಚ್ಚಿ ನೋಡಿದ, ಗೀರು ಇನ್ನೂ ಎದ್ದು ಕಂಡವು. ಒರೆಸಿ ನೋಡಿದ, ಹಾಗೇ ಇದ್ದವು. ಮನೆಗೆ ಹೋಗಿ ಗೋಡೆಗೆ ಮುಖ ಮಾಡಿಕೊಂಡು ಮಲಗಿದ. ಸೋಮವಾರ ಡಾಕ್ಟರರು ಇದನ್ನು ನೋಡಿದ ಮೇಲೆ "ನೋಡೋಣ" ಅನ್ನೋ ಮಾತೂ ಇರುವುದಿಲ್ಲ. ಇಲವಾಲಕ್ಕೆ ಹೋಗಿ ಅಪ್ಪನ ಮುಂದೆ ಹೇಗೆ ನಿಲ್ಲೋದು?

ಕೆಂಚಮ್ಮ ಗಂಡನ ಅಪ್ಪಣೆಗೆ ಕಾಯದೆ ರಾತ್ರಿಯೇ ಪುಟ್ಟಬಸಮ್ಮನಿಗೆ ಹೇಳಿಬಿಟ್ಟಳು. ಭಾನುವಾರ ಬೆಳಿಗ್ಗೆ ಚೆಲುವರಾಜು ಡಾಕ್ಟರರ ಮನೆಗೆ ಹೋದಾಗ ಗುರುಸಿದ್ದಯ್ಯ ಆಗಲೇ ಬಾನೆಟ್ಟಿನ ಮೇಲೆ ಬಗ್ಗಿ ನಿಂತಿದ್ದ.

"ಏನು ಹಾಕಿದ್ಯಪ್ಪ?"

"ಬೂದಿ," ಅಂದ ಚೆಲುವರಾಜು, ಬೇರೆ ಕಡೆ ನೋಡುತ್ತ. "ನಿಮ್ಮನೆಯೋರೇ ಹೇಳಿದ್ದು."

"ಯಾವ ಬೂದಿ?"

"ಯಾವ ಬೂದಿ ಅಂದ್ರೆ? ಒಲೆ ಬೂದಿ."

"ಅಯ್ಯೋ ಶಿವನೇ! ಈಬತ್ತಿ ಕಣಪ್ಪ, ಈಬತ್ತಿ! ಒಲೆ ಬೂದಿಯಲ್ಲಿ ಮರಳು, ಇದ್ದಿಲು, ಮಣ್ಣು ಎಲ್ಲಾ ಇರ್ತದೆ. ಈಬತ್ತಿಯನ್ನ ಏಳು ನೀರಲ್ಲಿ ಕದಡಿ, ಸೋಸಿ, ತಿಳಿ ಬಸಿದು ಮಾಡ್ತಾರೆ. ನಮ್ಮಣ್ಣ ಮಠಕ್ಕೆ ಮಾಡಿಕೊಡ್ತಾನೆ. ಗಟ್ಟಿ ಕಟ್ಟುವಾಗ ಉದುರಿದ ಪುಡಿ ನನಗೆ ಕೊಡ್ತಾನೆ."

ಚೆಲುವರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೆಂಚಮ್ಮನ ಮನೆಯವರ ಹಣೆಗೆ ಕುಂಕುಮ ಮಾತ್ರ ಗೊತ್ತು, ಪುಟ್ಟಬಸಮ್ಮ ಈಬತ್ತಿ ಅಂದರೂ ಇವಳ ಲೆಕ್ಕಕ್ಕೆ ಅದು ಬೂದಿಯೇ. ಅವಳನ್ನು ಬೈದು ಏನು ಬಂತು? ತಾನೇ ಎರಡು ಹೆಜ್ಜೆ ರಸ್ತೆ ದಾಟಿ ಕೇಳಬಹುದಿತ್ತು.

ಗುರುಸಿದ್ದಯ್ಯ ಅಂಗಿ ಕಳಚಿ ಬೇಲಿಗೆ ಹಾಕಿ ಕೆಲಸಕ್ಕೆ ಇಳಿದ. ಮೊದಲು ಸೀಗೆನೀರಲ್ಲಿ ತೊಳೆದು ಒಂದು ಕಣ ಮರಳೂ ಉಳಿಯದ ಹಾಗೆ ಮಾಡಿದ. ಒದ್ದೆ ಮಲ್ಲು ಬಟ್ಟೆಗೆ ಚಿಟಿಕೆ ಪುಡಿ ಮುಟ್ಟಿಸಿ, ಮಗುವಿನ ಬೆನ್ನು ಸವರಿದ ಹಾಗೆ ಸವರಿದ. ಒತ್ತಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗೀರು ಒಂದೊಂದೇ ತೆಳುವಾದವು. ಆಮೇಲೆ ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣ ಹಚ್ಚಿ, ಆರಲು ಬಿಟ್ಟು, ಒಣ ಬಟ್ಟೆಯಲ್ಲಿ ಉಜ್ಜಿದ. ನಾಲ್ಕು ಬಾಗಿಲಿಗೂ ಅದನ್ನೇ ಮಾಡಿದ.

"ಮೊದಲು ತೆಗೀಬೇಕು, ಆಮೇಲೆ ಹಾಕಬೇಕು," ಅಂದ. "ನೀನು ಕೊಳೆ ಮೇಲೇ ಎಣ್ಣೆ ಹಾಕ್ತಿದ್ದೆ. ಸೀಮೆಎಣ್ಣೆಯಲ್ಲಿ ತೆಗೆದಾಗ ಮೇಲೆ ಏನೂ ಹಾಕದೆ ಬಿಟ್ಟುಬುಟ್ಟೆ. ಬರಿ ಮೈಯಲ್ಲಿ ಬಿಸಿಲಿಗೆ ನಿಲ್ಲಿಸಿದ್ರೆ ಕಪ್ಪು ಉಳೀತದಾ?"

ಹೀಗೆ ಬುದ್ಧಿ ಹೇಳಿಸಿಕೊಳ್ಳುವುದಕ್ಕಿಂತ ಎರಡು ಏಟು ತಿಂದಿದ್ದರೆ ವಾಸಿಯಿತ್ತು. ಆದರೂ ಚೆಲುವರಾಜುವಿನ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. ಇವನು ಇವತ್ತು ಒಂದು ದಿನ ಮನೆಯಲ್ಲಿ ಸುಮ್ಮನೆ ಕೂತಿದ್ದರೆ ನಾಳೆ ಈ ಸೀಟು ಇವನದೇ.

"ನಿಮಗೆ ಇದೆಲ್ಲ ಯಾಕೆ ಗುರುಸಿದ್ದಯ್ಯನೋರೇ?" ಅಂದೇಬಿಟ್ಟ.

"ಕಾರೇನಪ್ಪ ತಪ್ಪು ಮಾಡ್ತು? ಬೆಂಗಳೂರಿಂದ ನಾವಿಬ್ಬರೇ ತಾನೇ ಕರ್ಕೊಂಡು ಬಂದದ್ದು," ಅಂತ ಹೇಳಿ ಗುರುಸಿದ್ದಯ್ಯ ಬಟ್ಟೆ ಮಡಚಿದ.

ಸೋಮವಾರ ಚಾಮರಾಜಪುರಂ ಸ್ಟೇಷನ್ನಿನ ಹೊರಗೆ ಡಾಕ್ಟರರು ತಮ್ಮ ಕಾರನ್ನು ದಾಟಿ ಮುಂದೆ ಹೋಗಿ, ತಿರುಗಿ ಬಂದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಕಾರು ಹತ್ತಿ ಮನೆಗೆ ಬಂದರು. ವರಾಂಡ ಹತ್ತಿದ ಮೇಲೆ ಬೆನ್ನು ತಟ್ಟಿದರು.

"ಭೇಷ್ ಕಣಯ್ಯ! ಹೀಗೆ ಮಾಡೋಕೆ ಬರುತ್ತೆ ಅಂತ ಗೊತ್ತೇ ಇರಲಿಲ್ಲ. ನಿಜ ಹೇಳ್ತೀನಿ, ಆ ಗುರುಸಿದ್ದಯ್ಯನಿಗೆ ನಾಳೆಯಿಂದ ಕೆಲಸಕ್ಕೆ ಬಾ ಅಂತ ಹೇಳಿಯಾಗಿತ್ತು. ಇನ್ನು ಬೇಡ. ನೀನೇ ಹೋಗಿ ಹೇಳಿಬಿಡು."

ನಾಲ್ಕು ವರ್ಷ ಕಾದದ್ದು ಈ ಮಾತಿಗೇ. ಆದರೆ ಈ ಕೆಲಸ ತನಗೆ ಬರುತ್ತೆ ಅಂತ ಗುರುಸಿದ್ದಯ್ಯನಿಗೆ ಗೊತ್ತಿತ್ತಲ್ಲ. ಭಾನುವಾರ ಬಗ್ಗಿ ಉಜ್ಜುವಾಗಲೂ ಗೊತ್ತಿತ್ತು. ಚೆಲುವರಾಜು ಹೇಗೋ ರಸ್ತೆ ದಾಟಿ ಎದುರು ಮನೆ ಗೇಟಿನ ಹತ್ತಿರ ನಿಂತ.

"ಏನಂದ್ರು ಡಾಕ್ಟ್ರು?" ಅಂತ ಗುರುಸಿದ್ದಯ್ಯನೇ ಮೊದಲು ಕೇಳಿದ.

"ನೀವು ಬರೋದು ಬೇಡ ಅಂದ್ರು."

ಗುರುಸಿದ್ದಯ್ಯ ರಸ್ತೆಯಾಚೆ ನಿಂತಿದ್ದ ಡಾಕ್ಟರರ ಕಾರಿನ ಕಡೆ ನೋಡಿದ. ಇಬ್ಬರು ಹೆಣ್ಣುಮಕ್ಕಳ ತಂದೆ, ಇದ್ದ ಕೆಲಸವೂ ಇವತ್ತಿಗೆ ಕೊನೆ. ಆಮೇಲೆ ಅವನ ಮುಖದಲ್ಲಿ ಸಣ್ಣಗೆ ನಗು ಬಂತು. ಕೆಲಸಗಾರ ತನ್ನ ಕೆಲಸ ನೋಡಿಕೊಂಡು ನಗುವ ನಗು.

"ಹಾಗಾದ್ರೆ ಮೇಣ ಚೆನ್ನಾಗೇ ಕೂತಿದೆ ಅನ್ನು."

ಆಗ ಉರಿಯಿತು ನೋಡಿ ಚೆಲುವರಾಜುವಿನ ಹೊಟ್ಟೆ! ಆ ನಾಲ್ಕು ವರ್ಷದಲ್ಲಿ ಹಾಗೆ ಉರಿದಿರಲಿಲ್ಲ. ಹೊಳಪಿನಲ್ಲಿ ಇವನೇ ಗೆದ್ದ, ಹೆಸರಿನಲ್ಲಿ ಇವನೇ ಗೆದ್ದ, ಈಗ ಅನ್ನ ಬಿಟ್ಟುಕೊಡೋದರಲ್ಲೂ ಇವನೇ ಗೆಲ್ಲಬೇಕೇ? ತಾನು ಜೀವಮಾನವಿಡೀ ಇವನ ಕೈಯಿಂದ ಬಿದ್ದ ಹೊಳಪಿನ ಮೇಲೆ ಕೂತು ಸಂಬಳ ತಿನ್ನಬೇಕೇ? ಸಾಧ್ಯವಿಲ್ಲ, ಇದೊಂದನ್ನು ಮಾತ್ರ ಇವನಿಗೆ ಬಿಡಲಾರೆ.

ಬಂದ ದಾರಿಯಲ್ಲೇ ಬಿರಬಿರನೆ ವಾಪಸ್ಸು ಹೋದ. ಡಾಕ್ಟರರು ಕಾಫಿ ಕುಡಿಯುತ್ತಿದ್ದರು.

"ಸ್ವಾಮಿ, ಆ ಕೆಲಸ ನಂದಲ್ಲ. ನಾನು ಒಲೆ ಬೂದಿ ಹಾಕಿ ಬಾನೆಟ್ಟು ಕೆಡಿಸಿದ್ದೆ. ನಿನ್ನೆ ಇಡೀ ದಿನ ಕೂತು ಸರಿಮಾಡಿದ್ದು ಗುರುಸಿದ್ದಯ್ಯ. ನಾಳೆಯಿಂದ ಅವರನ್ನೇ ಇಟ್ಕೊಳ್ಳಿ."

ಡಾಕ್ಟರರು ಲೋಟ ಕೆಳಗಿಟ್ಟು ಅವನನ್ನೇ ನೋಡಿದರು. "ನಾನು ಕೇಳಲೇ ಇಲ್ಲವಲ್ಲಯ್ಯ. ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಇದ್ದ ಕೆಲಸ ಕಳ್ಕೊಂಡು ಇದನ್ನ ಯಾಕೆ ಬಂದು ಹೇಳ್ತಿದ್ದೀಯ?"

ಚೆಲುವರಾಜು ಕಾರಿನ ಕೀ ತೆಗೆದು ಮೇಜಿನ ಮೇಲಿಟ್ಟ.

"ಹೊಟ್ಟೆಕಿಚ್ಚಿಗೆ ಸ್ವಾಮಿ," ಅಂದ.