ಏಲಕ್ಕಿ ಡಬ್ಬಿಯಲ್ಲಿಟ್ಟ ಸಿಮ್ಮು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಏಲಕ್ಕಿ ಹಾಕಿಡುವ ಒಂದು ಹಿತ್ತಾಳೆ ಡಬ್ಬಿಯಿದೆ. ಹೆಬ್ಬೆರಳಿನಷ್ಟು ಎತ್ತರ, ಮುಚ್ಚಳ ತಿರುಗಿಸಿದರೆ ಕಿರ್ ಎನ್ನುತ್ತದೆ. ಅಮ್ಮ ಅದರಲ್ಲಿ ಏಲಕ್ಕಿಯ ಜೊತೆಗೆ, ಕಳೆದುಹೋದರೆ ಮತ್ತೆ ಸಿಗದ ಸಣ್ಣಪುಟ್ಟ ವಸ್ತುಗಳನ್ನೆಲ್ಲ ಬಚ್ಚಿಡುತ್ತಿದ್ದಳು: ಮೂಗುಬೊಟ್ಟಿನ ತಿರುಪು, ಟ್ರಂಕಿನ ಪುಟ್ಟ ಬೀಗದ ಕೈ, ಒಮ್ಮೆ ನನ್ನ ಉದುರಿದ ಹಾಲುಹಲ್ಲು. ಹಾಗಾಗಿ ನಾನು ಜರ್ಮನಿಗೆ ಹೊರಟ ದಿನ ಫೋನಿನ ಸಿಮ್ಮನ್ನು ಸೇಫ್ಟಿ ಪಿನ್ನಿನಿಂದ ಎಬ್ಬಿಸಿ ತೆಗೆದು ಆ ಡಬ್ಬಿಯಲ್ಲಿಟ್ಟರೆ ನೀವು ನಗಬಾರದು. ಪರದೇಶದಲ್ಲಿ ನಮ್ಮ ಸಿಮ್ಮು ನಡೆಯುವುದಿಲ್ಲ, ನಡೆಯುವಂತೆ ಮಾಡಿದರೆ ಬಂದ ಬಿಲ್ಲು ನೋಡಿ ಎದೆ ಒಡೆಯುತ್ತದೆ, ವೈಫೈ ಒಂದಿದ್ದರೆ ಸಾಕು ಎಂದು ಬಲ್ಲವರು ಹೇಳಿದ್ದರು. ಬಲ್ಲವರ ಮಾತು ಕೇಳಿ ಕೆಟ್ಟವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರು ಸೇರಿತು.

ನಾನು ಓಲೆಗರಿ ಓದುವವಳು. ಮೂವತ್ತು ವರ್ಷ ಮೈಸೂರಿನಲ್ಲಿ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ, ಎಣ್ಣೆ ಸವರಿ, ಮಸಿ ತೀಡಿ, ಮೂಡಿದ ಅಕ್ಷರಗಳನ್ನು ಕಾಗದಕ್ಕಿಳಿಸಿ ಈಗ ನಿವೃತ್ತಳಾಗಿದ್ದೇನೆ. ಮದುವೆಯಾಗಲಿಲ್ಲ, ಅಗ್ರಹಾರದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಜರ್ಮನಿಯ ಒಂದು ಸಣ್ಣ ಊರಿನ ಗ್ರಂಥಾಲಯದಲ್ಲಿ ಎಷ್ಟೋ ಕಾಲದಿಂದ ಯಾರೂ ಓದದೆ ಬಿದ್ದಿದ್ದ ಕನ್ನಡದ ಕಟ್ಟೊಂದನ್ನು ಗುರುತಿಸಿಕೊಡಬೇಕೆಂದು ಹನ್ನೆರಡು ದಿನಕ್ಕೆ ನನ್ನನ್ನು ಕರೆಸಿಕೊಂಡಿದ್ದರು. ಹೊರಡುವ ಮುಂಚೆ ಹಾಲಿನವರಿಗೆ ಹೇಳಿದೆ, ಪೇಪರಿನವರಿಗೆ ಹೇಳಿದೆ, ಪಕ್ಕದ ಮನೆಯ ನಾಗಮ್ಮನವರ ಕೈಗೆ ತುಳಸಿಗೆ ನೀರು ಹಾಕುವ ಕೆಲಸವನ್ನೂ ಒಪ್ಪಿಸಿದೆ. ಹೇಳಲೇಬೇಕಾಗಿದ್ದ ಒಬ್ಬಳಿಗೆ ಮಾತ್ರ ಹೇಳಲಿಲ್ಲ. ಅವಳು ಶ್ರೀರಾಂಪುರದಲ್ಲಿರುವ ನನ್ನ ಅಕ್ಕ. ಅವಳಿಗೆ ಹೇಳಬೇಕಾದರೆ ಮಾತಾಡಬೇಕಿತ್ತು. ನಾವು ಮಾತು ಬಿಟ್ಟು ಎರಡೂವರೆ ವರ್ಷವಾಗಿತ್ತು.

ಜಗಳದ ಕಾರಣ ಚಿಕ್ಕದಲ್ಲ, ಆದ್ದರಿಂದ ಮುಚ್ಚಿಡುವುದಿಲ್ಲ. ಅಮ್ಮನ ಕೊನೆಯ ವಾರದಲ್ಲಿ ಅಕ್ಕ ಆಸ್ಪತ್ರೆಗೆ ಸೇರಿಸೋಣ ಎಂದಳು. ಡಾಕ್ಟರೇ ಕೈಚೆಲ್ಲಿದ ಮೇಲೆ ಅವಳ ಕೋಣೆಯಲ್ಲೇ ಇರಲಿ ಎಂದು ನಾನು ಹಠ ಹಿಡಿದೆ. ಅಮ್ಮ ಗುರುವಾರ ಬೆಳಗ್ಗೆ ನನ್ನ ತೊಡೆಯ ಮೇಲೆ ಹೋದಳು. ಅಕ್ಕ ಬಾಗಿಲಲ್ಲಿ ನಿಂತು, “ಬಿಟ್ಬುಟ್ಟೆ ಕಣೇ ಗಿರಿಜ, ಅವಳ್ನ ಹಾಗೇ ಬಿಟ್ಬುಟ್ಟೆ” ಅಂದಳು. ನಾನು ಸುಮ್ಮನಿರಬಹುದಿತ್ತು. “ವಾರಕ್ಕೊಂದ್ಸಲ ಬಂದು ಮುಖ ತೋರಿಸ್ಕೊಂಡು ಹೋಗೋಳು ನೀನು, ನಿಂಗೇನು ಗೊತ್ತು?” ಅಂದುಬಿಟ್ಟೆ. ಅದರ ಮೇಲೆ ಆಡುವುದಕ್ಕೆ ಇಬ್ಬರಲ್ಲೂ ಏನೂ ಉಳಿಯಲಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿಸಿ ಅಕ್ಕ ನನ್ನತ್ತ ತಿರುಗಿಯೂ ನೋಡದೆ ಆಟೋ ಹತ್ತಿದಳು. ಸಂಜೆ ಏಳು ಗಂಟೆಗೆ ನನ್ನ ಫೋನು ಎರಡು ಸಲ ರಿಂಗಾಗಿ ನಿಂತಿತು. ನೋಡಿದರೆ ಅಕ್ಕನ ನಂಬರು. ಅದು ನಮ್ಮನೆಯ ಹಳೆಯ ಪದ್ಧತಿ: ಯಾರೇ ಎಲ್ಲಿಗೇ ಹೋದರೂ ತಲುಪಿದ ಮೇಲೆ ಒಂದು ಮಿಸ್ ಕಾಲ್ ಕೊಡಬೇಕು, ಎರಡೇ ರಿಂಗು, ಆ ಕಡೆಯವರು ಎತ್ತಬಾರದು. ಮಿಸ್ ಕಾಲ್ ಬರುವವರೆಗೆ ಅಮ್ಮ ಊಟಕ್ಕೆ ಕೂರುತ್ತಿರಲಿಲ್ಲ. ಅಮ್ಮನಿಲ್ಲದ ಮನೆಗೆ ಅಕ್ಕ ಕೋಪದಲ್ಲೂ ಅಭ್ಯಾಸ ತಪ್ಪದೆ ತಾನು ತಲುಪಿದ ಸುದ್ದಿ ಕೊಟ್ಟಿದ್ದಳು. ಮಾರನೆಯ ಸಂಜೆ ಏಳಕ್ಕೆ ನಾನು ಎರಡು ರಿಂಗು ಕೊಟ್ಟೆ. ಅದರ ಮಾರನೆಯ ದಿನ ಅವಳು. ಹೀಗೆ ಸರದಿಯ ಮೇಲೆ, ಒಂದು ದಿನವೂ ತಪ್ಪದೆ, ಒಂದು ಮಾತೂ ಇಲ್ಲದೆ ನಡೆದುಕೊಂಡು ಬಂತು. ಇದು ನಾಗಮ್ಮನವರಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಅಕ್ಕತಂಗಿಯರಿಗೆ ಹುಚ್ಚು ಎನ್ನುತ್ತಿದ್ದರು, ಸುಳ್ಳೂ ಆಗುತ್ತಿರಲಿಲ್ಲ.

ಜರ್ಮನಿಯಲ್ಲಿ ಇಳಿದ ದಿನ ರೂಮಿನ ವೈಫೈಗೆ ಫೋನು ಜೋಡಿಸಿದೆ. ಮೊಬೈಲು ಗಡಗಡನೆ ನಡುಗಿ ಮೈಸೂರಿನ ಎಲ್ಲವನ್ನೂ ತಂದು ಸುರಿಯಿತು: ಗುಲಾಬಿ ಹೂವಿನ ಶುಭೋದಯಗಳು, ಮಂಡಿನೋವಿಗೆ ಮನೆಮದ್ದು, ನಿವೃತ್ತರ ಗುಂಪಿನಲ್ಲಿ ಯಾರದೋ ಮೊಮ್ಮಗುವಿನ ನಾಮಕರಣದ ಪಟ. ಬೆರಳಿನಿಂದ ತಳ್ಳುತ್ತಾ ತಳ್ಳುತ್ತಾ ಕೆಳಗೆ ಹೋದೆ. ನನ್ನನ್ನೇ ಉದ್ದೇಶಿಸಿ, “ತಲುಪಿದಿರಾ?” ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ತಪ್ಪು ಅವರದಲ್ಲ, ಸತ್ಯ ಹೇಳುತ್ತೇನೆ, ನಾನೂ ಅವರನ್ನು ಎಂದೂ ಕೇಳಿದವಳಲ್ಲ. ಇಡೀ ಪ್ರಪಂಚವನ್ನು ಅಂಗೈಗೆ ತಂದುಕೊಡುವ ಆ ವೈಫೈ, ನಾನು ಬದುಕಿದ್ದೇನೆಯೇ ಎಂದು ದಿನಕ್ಕೊಮ್ಮೆ ವಿಚಾರಿಸುವ ಏಕಮಾತ್ರ ಜೀವದ ಬಟನ್ ಫೋನಿಗೆ ಮಾತ್ರ ಮುಟ್ಟುವುದಿಲ್ಲ ಎಂಬುದು ಆಗ ಹೊಳೆಯಿತು. ಅಂದು ಮಿಸ್ ಕಾಲ್ ಕೊಡುವ ಸರದಿ ನನ್ನದೇ ಆಗಿತ್ತು.

ನಾಗಮ್ಮನವರಿಗೆ ಮೆಸೇಜು ಕಳಿಸಿ ಅಕ್ಕನಿಗೆ ತಿಳಿಸಿ ಎನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಎರಡು ಸಲ ಬರೆದು ಎರಡು ಸಲವೂ ಅಳಿಸಿದೆ. ಮೂರನೆಯವರ ಬಾಯಿಂದ ಹೋದರೆ ಅದು ಸಮಾಚಾರವಾಗುತ್ತದೆ, ನಮ್ಮದು ಸಮಾಚಾರವಾಗಿರಲಿಲ್ಲ. ಜೊತೆಗೆ ಜಂಬವೂ ಇತ್ತು, ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ. ಮನೆಯ ಬಾಗಿಲಿಗೆ ಬಂದು ವಿಚಾರಿಸಲು ಅಕ್ಕನನ್ನೂ ಅದೇ ಜಂಬ ಬಿಡುವುದಿಲ್ಲ ಎಂದು ಗೊತ್ತಿತ್ತು.

ಐದು ದಿನ ಹಾಗೆಯೇ ಕಳೆದವು. ಬೆಳಗ್ಗೆ ಗ್ರಂಥಾಲಯಕ್ಕೆ ಹೋಗುವುದು, ಕಟ್ಟು ಬಿಚ್ಚುವುದು, ಸಂಜೆ ಯಾರೂ ಯಾರ ಮುಖವನ್ನೂ ನೋಡದ ಬೀದಿಗಳಲ್ಲಿ ನಡೆದು ರೂಮಿಗೆ ಬಂದು ಬ್ರೆಡ್ಡು ತಿನ್ನುವುದು. ಕಟ್ಟು ದನಗಳ ವೈದ್ಯದ್ದಾಗಿತ್ತು. ಕೆಚ್ಚಲು ಬಾವಿಗೆ ಯಾವ ಸೊಪ್ಪು, ಕಾಲುಬಾಯಿ ಜ್ವರಕ್ಕೆ ಯಾವ ಬೇರು ಎಂದು ಯಾರೋ ಪುಣ್ಯಾತ್ಮ ಕಂಟವೆಂಬ ಕಬ್ಬಿಣದ ಕಡ್ಡಿಯಿಂದ ಕೊರೆದಿದ್ದ. ನಾನು ಗಟ್ಟಿಯಾಗಿ ಓದಿದೆ, ಹಾಗೆ ಓದದಿದ್ದರೆ ನನಗೆ ಸಂಯುಕ್ತಾಕ್ಷರಗಳನ್ನು ಬಿಡಿಸಲಾಗುವುದಿಲ್ಲ. ಗ್ರಂಥಪಾಲಕಿ ಹಿಲ್ಡಾ ಕೆಲಸ ನಿಲ್ಲಿಸಿ ಕೇಳುತ್ತಾ ಕುಳಿತಳು. ಆ ಕೋಣೆಯಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲಂತೆ. ಗರಿಯ ಮೇಲೆ ಅಕ್ಷರವೆಲ್ಲ ಇತ್ತು, ಅಷ್ಟು ಕಾಲವೂ ಇತ್ತು, ಓದುವವರಿರಲಿಲ್ಲ ಅಷ್ಟೆ. ನನಗೆ ಇದ್ದಕ್ಕಿದ್ದಂತೆ ಅಳು ಬಂತು. ದನದ ಕೆಚ್ಚಲು ಬಾವಿನ ಔಷಧಿ ಓದಿ ಅತ್ತವಳು ನಾನೊಬ್ಬಳೇ ಇರಬೇಕು.

ಹಿಲ್ಡಾ ಏನಾಯಿತೆಂದು ಕೇಳಿದಳು. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಅಕ್ಕನಿಗೆ ಫೋನು ಮಾಡಲಾಗುತ್ತಿಲ್ಲ ಎಂದಷ್ಟೇ ಹೇಳಿದೆ. ಅವಳು ಮೇಜಿನ ಮೇಲಿದ್ದ ಗ್ರಂಥಾಲಯದ ಫೋನನ್ನು ನನ್ನತ್ತ ತಳ್ಳಿದಳು. ಗೋಡೆ ಗಡಿಯಾರದಲ್ಲಿ ಮೂರೂವರೆ, ಅಂದರೆ ನಮ್ಮ ಏಳು. ಅಕ್ಕನ ನಂಬರು ಬೆರಳಿಗೇ ಗೊತ್ತಿತ್ತು. ಆ ಕಡೆ ಒಂದು ರಿಂಗು. ಎರಡು. ಇಟ್ಟುಬಿಟ್ಟೆ.

“ಅವರು ಸಿಗಲಿಲ್ಲವೇ?” ಎಂದಳು ಹಿಲ್ಡಾ.

“ಸಿಕ್ಕಿದರು” ಎಂದೆ. ಅವಳು ನನ್ನನ್ನು ಅನುಕಂಪದಿಂದ ನೋಡಿದಳು.

ಇನ್ನೊಮ್ಮೆ ಕೇಳುವುದಕ್ಕೆ ನಾಚಿಕೆಯಾಯಿತು, ಕೇಳಲಿಲ್ಲ. ಆದರೆ ಅಂದಿನಿಂದ ಹೊಸ ಚಿಂತೆ ಹತ್ತಿಕೊಂಡಿತು. ಹೊರದೇಶದ ನಂಬರಿನಿಂದ ಮಿಸ್ ಕಾಲ್ ಬಂದರೆ ಮೋಸಗಾರರೇ ಎಂದು ಈಗ ಮನೆಮನೆಯಲ್ಲೂ ಹೆದರಿಸಿಟ್ಟಿದ್ದಾರೆ. ಅಕ್ಕ ಎಷ್ಟು ಹೆದರುಪುಕ್ಕಲಿ ಎಂದರೆ ಗ್ಯಾಸಿನವರ ಫೋನು ಬಂದರೂ “ರಾಂಗ್ ನಂಬರು” ಎಂದು ಇಟ್ಟುಬಿಡುವವಳು. ಉದ್ದುದ್ದದ ಆ ನಂಬರು ನೋಡಿ ಅವಳು ನಾನೆಂದು ತಿಳಿಯುವುದಾದರೂ ಹೇಗೆ? ನಾನು ಸತ್ತಿದ್ದೇನೆ ಎಂದುಕೊಂಡಳೋ, ಇದನ್ನೂ ಬಿಟ್ಟೆ ಎಂದುಕೊಂಡಳೋ; ಎರಡನೆಯದಕ್ಕೇ ನಾನು ಹೆಚ್ಚು ಹೆದರಿದ್ದೆ.

ಹನ್ನೆರಡು ದಿನ ಮುಗಿಸಿ ಮನೆಗೆ ಬಂದ ಮಧ್ಯಾಹ್ನ ಚಪ್ಪಲಿ ಬಿಟ್ಟವಳೇ ಡಬ್ಬಿ ತೆಗೆದೆ. ಸಿಮ್ಮು ಏಲಕ್ಕಿಯ ನಡುವೆ ತಣ್ಣಗೆ ಮಲಗಿತ್ತು. ಸೆರಗಿನಲ್ಲಿ ಒರೆಸಿ ಫೋನಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಕಂಪನಿಯ ಸಂದೇಶಗಳು ಒಂದರ ಹಿಂದೊಂದು ಬಂದವು. ಸ್ವಿಚ್ ಆಫ್ ಆಗಿದ್ದಾಗ ಯಾರು ಎಷ್ಟು ಹೊತ್ತಿಗೆ ಕರೆದಿದ್ದರು ಎಂದು ತಿಳಿಸುವ ಸಂದೇಶಗಳು. ಎಲ್ಲವೂ ಅಕ್ಕನವು. ಮೊದಲ ದಿನ ರಾತ್ರಿ ಎಂಟಕ್ಕೆ ಒಂದು. ಮರುದಿನ ಮೂರು. ಆಮೇಲೆ ಬೆಳಗ್ಗೆ ಆರಕ್ಕೆ, ಹತ್ತಕ್ಕೆ, ಮಧ್ಯಾಹ್ನ, ಸಂಜೆ. ಆರನೆಯ ದಿನ ಸಂಜೆ ಆರೂ ಐವತ್ತೈದಕ್ಕೆ ಒಂದು. ಅಲ್ಲಿಗೆ ನಿಂತಿತ್ತು. ಮುಂದಿನ ಆರು ದಿನ ಏನೂ ಇಲ್ಲ. ಆ ಆರನೆಯ ದಿನವೇ ಏಳಕ್ಕೆ ಜರ್ಮನಿಯಿಂದ ನನ್ನ ಎರಡು ರಿಂಗು ಹೋಗಿತ್ತು. ತಿಳಿದು ನಿಲ್ಲಿಸಿದಳೋ, ಬೇಸತ್ತು ನಿಲ್ಲಿಸಿದಳೋ ಆ ಸಂದೇಶಗಳು ಹೇಳಲಿಲ್ಲ.

ಏಳು ಗಂಟೆಯವರೆಗೆ ಕಾದೆ. ರಿಂಗು ಕೊಟ್ಟೆ. ಒಂದು, ಎರಡು, ನಿಲ್ಲಿಸಬೇಕಾದ ಬೆರಳು ಮೇಲೇಳಲಿಲ್ಲ. ಮೂರು, ನಾಲ್ಕು. ಅಕ್ಕ ಎತ್ತಿದಳು. ಆ ಕಡೆ ಕುಕ್ಕರಿನ ಸದ್ದು ಕೇಳಿಸಿತು.

“ಬಂದ್ಬುಟ್ಯಾ?”

“ಬಂದ್ಬುಟ್ಟೆ, ಅಕ್ಕ.”

“ಅದ್ಯಾವ ದೇಶದ ನಂಬರೇ ಅದು?”

“ಜರ್ಮನಿದು. ನಾನೇ ಅಂತ ಹೆಂಗೆ ಗೊತ್ತಾಯ್ತು?”

“ಏಳು ಗಂಟೆಗೆ ಸರಿಯಾಗಿ ಎರಡು ರಿಂಗು ಕೊಟ್ಟು ಕಟ್ ಮಾಡೋಳು ಪ್ರಪಂಚದಲ್ಲಿ ಇನ್ಯಾರಿದಾರೆ ಕಣೇ ನಂಗೆ?” ಎಂದಳು. ಆಮೇಲೆ, “ಐದು ದಿನ ಗಂಟಲಲ್ಲಿ ಅನ್ನ ಇಳೀಲಿಲ್ಲ” ಎಂದಳು. ಅಮ್ಮನೂ ಹೀಗೇ ಕಾಯುತ್ತಿದ್ದಳು ಎನ್ನಬೇಕೆನಿಸಿತು. ಅಷ್ಟರಲ್ಲಿ ಅವಳೇ, “ನಾಳೆಯಿಂದ ಮೊದಲಿನ ಹಂಗೇ ಎರಡೇ ರಿಂಗು. ಮಾತು ಬೆಳೆದ್ರೆ ಮತ್ತೆ ಜಗಳ ಆಗುತ್ತೆ” ಎಂದು ಇಟ್ಟುಬಿಟ್ಟಳು.

ಅವಳು ಹೇಳಿದ್ದು ನಿಜ. ನಮ್ಮಿಬ್ಬರ ನಡುವೆ ಎರಡು ರಿಂಗು ಹಿಡಿಸುವಷ್ಟೇ ಜಾಗ ಉಳಿದಿದೆ ಎಂದು ಒಪ್ಪಿಕೊಂಡು ಮಲಗಿದೆ.

ಮಾರನೆಯ ಸಂಜೆ ಒಬ್ಬಳಿಗಾಗುವಷ್ಟು ಪಾಯಸಕ್ಕಿಟ್ಟು, ಡಬ್ಬಿಯ ಮುಚ್ಚಳ ತಿರುಗಿಸಿ ಎರಡು ಏಲಕ್ಕಿ ತೆಗೆದು ಜಜ್ಜುತ್ತಿದ್ದೆ. ಏಳಕ್ಕೆ ಫೋನು ಸದ್ದು ಮಾಡಿತು. ಸರದಿ ಅಕ್ಕನದು. ಒಂದು ಆಯಿತು, ಎರಡು ಆಯಿತು. ಇನ್ನೇನು ನಿಲ್ಲುತ್ತದೆ ಎಂದು ಕೈಯನ್ನು ಹಾಗೆಯೇ ಹಿಡಿದು ನಿಂತೆ. ಮೂರನೆಯದೂ ಬಂತು.