ಖರ್ಜದ ತಂತಿ ಹರಿದ ದಿನ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಗ್ಗಾಂವಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ರವಿವಾರ ಬಂತೆಂದರೆ ಬೆಳಗಿನ ಮೋಟಾರು ಹಿಡಿದು ಸವಣೂರಿಗೆ ಹೋಗುತ್ತಿದ್ದೆ. ಅಲ್ಲಿ ನನಗೆ ಇಬ್ಬರು ಗೆಳೆಯರಿದ್ದರು. ಒಬ್ಬರು ಎಲೆಬಳ್ಳಿ ತೋಟದ ಗೌಡರು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಇನ್ನೊಬ್ಬರು ಖಾರ, ಅಂದರೆ ಎಣ್ಣೆಯಲ್ಲಿ ಕರಿದ ಕುರುಕಲು, ಮಾಡಿ ಮಾರುವವರು. ಊರು ಅವರನ್ನು ಖಾರದ ಸಾವಕಾರ್ರು ಎಂದು ಕರೆಯುತ್ತಿತ್ತು. ನಮ್ಮನ್ನು ಒಂದುಗೂಡಿಸಿದ್ದು ತಂಬೂರಿ. ಮೂವರ ಹತ್ತಿರವೂ ಒಂದೊಂದಿತ್ತು. ಮೂವರಲ್ಲಿ ಒಬ್ಬನಿಗೂ ಹಾಡಲು ಬರುತ್ತಿರಲಿಲ್ಲ.

ತಂಬೂರಿ ಇರುವುದೇ ಹಾಡುವವರಿಗೆ ಶ್ರುತಿ ಕೊಡಲಿಕ್ಕೆ ಎಂಬುದು ನಮಗೂ ಗೊತ್ತಿತ್ತು. ಆದರೆ ನಮಗೆ ಹುಚ್ಚು ಹಿಡಿಸಿದ್ದು ಅದರ ನಾಲ್ಕನೆಯ ತಂತಿ. ಉಳಿದ ಮೂರು ತೆಳ್ಳಗಿನ ಉಕ್ಕಿನವು. ಇದು ಹಿತ್ತಾಳೆಯದು, ದಪ್ಪ, ಎಲ್ಲಕ್ಕಿಂತ ಕೆಳಗಿನ ಸ್ವರದ್ದು. ನಮ್ಮ ಕಡೆ ಇದಕ್ಕೆ ಖರ್ಜದ ತಂತಿ ಎನ್ನುತ್ತಾರೆ. ಸರಿಯಾಗಿ ಶ್ರುತಿ ಕೂಡಿಸಿ ಮೀಟಿದರೆ ಒಣ ಕುಂಬಳಕಾಯಿಯ ಬುರುಡೆಯಷ್ಟೇ ಅಲ್ಲ, ಕುಳಿತ ಚಾಪೆಯೂ ಗುಂಯ್‌ ಎನ್ನುತ್ತಿತ್ತು. ಆಗ ಮೂವರೂ ಕಣ್ಣು ಮುಚ್ಚಿ, ಹೊಟ್ಟೆ ತುಂಬ ಉಂಡವರ ಹಾಗೆ ಕೂರುತ್ತಿದ್ದೆವು.

ಗೌಡರ ಮಾಳಿಗೆಯಲ್ಲಿ ನಮ್ಮ ಕೂಟ. ಸಾವಕಾರ್ರ ಕೈಗೆ ಯಾವಾಗಲೂ ಎಣ್ಣೆಯ ಜಿಡ್ಡು. ಕಡಲೆಹಿಟ್ಟು ಹಚ್ಚಿ ಕೈ ತೊಳೆಯದೆ ತಂತಿ ಮುಟ್ಟಲು ಗೌಡರು ಬಿಡುತ್ತಿರಲಿಲ್ಲ.

"ನಿಮ್ಮ ಎಣ್ಣಿ ಬೆರಳಿಂದ ನನ್ನ ಖರ್ಜ ಜಾರಾಕತ್ತೈತ್ರಿ" ಎಂದು ಗೌಡರು.

"ನಿಮ್ಮ ಖರ್ಜಕ್ಕ ದಾರ ಸರಿ ಇಲ್ರಿ. ಹತ್ತೀದು ತಗದು ರೇಷ್ಮಿದು ಹಾಕ್ರಿ, ಹೆಂಗ ಗುಂಯ್‌ಗುಡತೈತಿ ನೋಡ್ರಿ" ಎಂದು ಸಾವಕಾರ್ರು.

ತಂತಿ ಹಾದು ಹೋಗುವ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದೆಳೆ ದಾರ ಸಿಕ್ಕಿಸುತ್ತಾರೆ. ನಾದ ಝೇಂಕರಿಸುವುದು ಅದರಿಂದಲೇ. ಅದು ರೇಷ್ಮೆಯದಿರಬೇಕೋ ಹತ್ತಿಯದೋ ಎಂಬ ವಾದ ನಾನು ಸವಣೂರಿಗೆ ಕಾಲಿಡುವ ಮೊದಲೇ ಶುರುವಾಗಿತ್ತು. ನಡುನಡುವೆ ಎಲೆಗೆ ಬಿದ್ದ ರೋಗ, ಸಾವಕಾರ್ರ ಮೊಣಕಾಲು ನೋವು, ನನ್ನ ಖಾನಾವಳಿಯ ನೀರುಸಾರು, ಎಲ್ಲವೂ ಬಂದು ಹೋಗಿ ಮಾತು ಮತ್ತೆ ದಾರಕ್ಕೇ ತಿರುಗುತ್ತಿತ್ತು. ಗೌಡರ ಹೆಂಡತಿ ಚಹಾ ತಂದಿಟ್ಟು ಕೇಳುತ್ತಿದ್ದರು: "ಅಲ್ರೀ ಮಾಸ್ತರ, ಹಾಡು ಯಾವಾಗ ಸುರು ಆಗತೈತ್ರಿ?"

ಹೀಗಿರುವಾಗ ಹಿರೇಕೆರೂರಿನಿಂದ ನನ್ನ ಅವ್ವ ಬಂದಳು. ಹಾನಗಲ್ಲಿನ ವಕೀಲರೊಬ್ಬರಿಗೆ ಮಗಳಿದ್ದಾಳಂತೆ, ತಂಬೂರಿ ಹಿಡಿದು ಹಾಡುತ್ತಾಳಂತೆ. ನನ್ನಪ್ಪ ಇರಲಿಲ್ಲ. "ಯಾರಾದ್ರೂ ಹಿರೇರು ಜೋಡಿ ಇರಲಿ" ಎಂದಳು ಅವ್ವ. ನನ್ನ ಪಾಲಿಗೆ ಹಿರಿಯರೆಂದರೆ ಅವರಿಬ್ಬರೇ. ಗೌಡರು ಜರಿಯಂಚಿನ ರುಮಾಲು ಸುತ್ತಿಕೊಂಡರು. ಸಾವಕಾರ್ರು ಒಂದು ಬುಟ್ಟಿ ಖಾರ ಹೊತ್ತು ತಂದರು.

ವಕೀಲರ ಪಡಸಾಲೆಯಲ್ಲಿ ಉಪ್ಪಿಟ್ಟು, ಶಿರಾ ಆಯಿತು. ಹುಡುಗಿ ಬಂದು ನಮಸ್ಕರಿಸಿ, ಚಾಪೆಯ ಮೇಲೆ ತಂಬೂರಿ ಹಿಡಿದು ಕುಳಿತಳು. ಮೊದಲ ಮೂರು ತಂತಿ ಸರಿಯಾಗಿ ನುಡಿದವು. ನಾಲ್ಕನೆಯದು ನೆಗಡಿಯಾದ ಎಮ್ಮೆಯ ಹಾಗೆ ಬುರ್‌ ಎಂದಿತು.

ನಾನು ಗೌಡರ ಮುಖ ನೋಡಿದೆ. ಗೌಡರು ಸಾವಕಾರ್ರ ಮುಖ ನೋಡಿದರು. ಹುಡುಗಿ ಮತ್ತೊಮ್ಮೆ ಮೀಟಿದಳು. ಬುರ್‌.

"ತಂಗೆವ್ವಾ, ಒಂದೀಟು ಕೈ ತಗಿ" ಎನ್ನುತ್ತ ಸಾವಕಾರ್ರು ಕುಳಿತಲ್ಲಿಂದಲೇ ಚಾಪೆಯ ಮೇಲೆ ತೆವಳಿಕೊಂಡು ಹೋದರು. ಅವರ ಹಿಂದೆ ಗೌಡರು. ನಾನು ವರ, ಗಂಭೀರವಾಗಿ ಕೂತಿರಬೇಕಾದವನು. ಎರಡು ನಿಮಿಷ ತಡೆದುಕೊಂಡೆ. ಆಮೇಲೆ ನಾನೂ ಹೋದೆ.

"ದಾರ ಸರದೈತಿ" ಎಂದು ಸಾವಕಾರ್ರು.

"ದಾರ ಅಲ್ರಿ, ಬಿಗಿ ಕಮ್ಮಿ ಆಗೈತಿ" ಎಂದು ಗೌಡರು.

"ಬುರುಡಿ ಏನ್‌ ಚಂದ ಐತ್ರೀ, ಬರೇ ಬುರುಡಿ ನೋಡ್ರಿ!"

ನನ್ನ ಅವ್ವ ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು: "ನಾವು ನೋಡ್ಲಿಕ್ಕೆ ಬಂದದ್ದು ಕನ್ಯಾನೋ, ಕುಂಬಳಕಾಯಿನೋ?"

ಆ ಹೊತ್ತಿಗೆ ಗೌಡರು ತಂತಿ ಬಿಗಿಯುವ ಮೇಲಿನ ಖುಂಟಿಯನ್ನು ಜೋರಾಗಿ ತಿರುವಿದರು. ಟಣ್‌ ಎಂದು ತಂತಿ ಹರಿಯಿತು. ಹರಿದ ತುದಿ ಹಾವಿನ ಹಾಗೆ ಹಾರಿ ಶಿರಾದ ಬಸಿಯನ್ನು ಬಡಿಯಿತು. ಒಂದು ದ್ರಾಕ್ಷಿ ಹೋಗಿ ವಕೀಲರ ಕೋಟಿನ ಮೇಲೆ ಕೂತಿತು.

ಹುಡುಗಿ ಎದ್ದು ಒಳಗೆ ಹೋದಳು. ಅಳಲಿಕ್ಕೆ ಹೋದಳೆಂದೇ ಎಲ್ಲರೂ ತಿಳಿದೆವು.

"ಹುಡುಗಿ ನೋಡ್ಲಿಕ್ಕೆ ಬಂದವರು ಉಪ್ಪಿಟ್ಟು ತಿಂದು ಹೋಗ್ತಾರ. ಸಾಮಾನು ಮುರದು ಹೋಗೂದು ನಾ ನೋಡಿದ್ದಿಲ್ಲ" ಎಂದರು ವಕೀಲರು, ದ್ರಾಕ್ಷಿಯನ್ನು ಬೆರಳಿನಿಂದ ಚಿಮ್ಮುತ್ತ. ನನಗೆ ಎದ್ದು ಓಡಿಬಿಡಬೇಕೆನ್ನಿಸಿತು.

ಹುಡುಗಿ ಹೊರಗೆ ಬಂದಳು. ಕೈಯಲ್ಲೊಂದು ಬಿಸ್ಕೀಟಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಹಿತ್ತಾಳೆ ತಂತಿಯ ಸುರುಳಿ, ದಾರದ ಉಂಡೆ, ಮಣಿಗಳು. ಯಾರ ಮುಖವನ್ನೂ ನೋಡದೆ ಕುಳಿತು ಹರಿದದ್ದನ್ನು ಬಿಚ್ಚಿ ಹೊಸದನ್ನು ಏರಿಸತೊಡಗಿದಳು.

"ಖುಂಟಿ ಒಮ್ಮೆಲೇ ತಿರುವಬಾರ್ದರಿ, ಕಾಕಾ" ಎಂದಳು ಗೌಡರಿಗೆ. "ನಿಮ್ದೇನು ತಪ್ಪಿಲ್ಲ ಬಿಡ್ರಿ. ನಾ ಕೂಡಿಸಿ ಇಟ್ಟಿದ್ದೆ. ಮುಂಜಾನೆ ಅಪ್ಪಾ ತಾವೂ ಒಂದೀಟು ತಿರುವಿದ್ರು."

ವಕೀಲರು ಕಿಟಕಿಯ ಕಡೆ ಮುಖ ಮಾಡಿದರು.

ಆಕೆ ದಾರ ಸಿಕ್ಕಿಸುತ್ತಿದ್ದಳು. ನಾನು ತಡೆಯಲಾರದೆ ಕೇಳಿದೆ. ನನ್ನ ಹೆಂಡತಿಯ ಜೊತೆ ನಾನಾಡಿದ ಮೊಟ್ಟಮೊದಲ ಮಾತು ಅದು: "ಹತ್ತೀದೋ, ರೇಷ್ಮಿದೋ?"

"ಹತ್ತೀದು. ರೇಷ್ಮಿ ಭಾಳ ಜಾರ್ತದ."

ಗೌಡರು ನೆಟ್ಟಗೆ ಕೂತು ಮೀಸೆ ನೀವಿಕೊಂಡರು. ಸಾವಕಾರ್ರು ತಲೆ ತಗ್ಗಿಸಿದರು.

ಆಕೆ ಮೀಟಿದಳು. ಈ ಸಲ ನಾಲ್ಕನೆಯ ತಂತಿ ನೆಲದೊಳಗಿಂದ ಎದ್ದು ಬಂದಂತೆ ನುಡಿಯಿತು. ನಾವು ಮೂವರೂ ರೂಢಿಯಂತೆ ಕಣ್ಣು ಮುಚ್ಚಿದೆವು. ಎಷ್ಟೋ ಹೊತ್ತಾದ ಮೇಲೆ ಅವ್ವ ಕೇಳಿದಳು, "ಹಾಡವಾ ಇನ್ನ, ಒಂದು ದೇವರ ಹಾಡು."

"ಹಾಡಲಿಕ್ಕೆ ಬರೂದಿಲ್ರಿ" ಎಂದಳು ಹುಡುಗಿ. "ಹಾಡಿದ್ರ ತಂಬೂರಿ ಕೇಳ್ಸೂದಿಲ್ಲ."

ಇಂಥ ಮಾತನ್ನು ನಮ್ಮ ಮಾಳಿಗೆಯ ಹೊರಗೆ ನಾನು ಕೇಳಿರಲಿಲ್ಲ. ಆ ಗಳಿಗೆಯಲ್ಲೇ ನನ್ನದು ನಿಶ್ಚಯವಾಗಿಬಿಟ್ಟಿತು.

ಉಳಿದವರದು ಆಗಿರಲಿಲ್ಲ. ಹಾಡು ಬರದವಳನ್ನು ಹಾಡುತ್ತಾಳೆಂದು ಹೇಳಿದರೆಂದು ಅವ್ವ ಮುನಿಸಿಕೊಂಡಳು. ಇವನಿಗೆ ತಲೆ ಸರಿ ಇಲ್ಲವೆಂದು ವಕೀಲರು ಹೇಳಿಕಳಿಸಿದರು. ಒಂದು ತಿಂಗಳು ನಾನು ತಂಬೂರಿಯ ಗವಸನ್ನೇ ಬಿಚ್ಚಲಿಲ್ಲ. ಕೊನೆಗೆ ಗೌಡರು ನನಗೆ ಹೇಳದೆ, ಒಂದು ಕಟ್ಟು ಎಲೆ ಹಿಡಿದು ತಾವೊಬ್ಬರೇ ಹಾನಗಲ್ಲಿಗೆ ಹೋದರು.

"ಹುಡುಗ ಸಂಸಾರ ಮಾಡ್ತಾನೇನ್ರಿ?" ಎಂದು ವಕೀಲರು ಕೇಳಿದರಂತೆ.

"ನನ್ನ ತಂಬೂರಿ ಅವನ ಕೈಯಾಗ ಕೊಡತೇನ್ರಿ ನಾ. ಮನ್ಯಾಗ ನನ್ನ ಮಕ್ಕಳಿಗೂ ಮುಟ್ಟಾಕ ಬಿಡಂಗಿಲ್ಲ" ಎಂದರಂತೆ ಗೌಡರು.

ವಕೀಲರಿಗೆ ಇದು ಪುರಾವೆ ಎನ್ನಿಸಲಿಲ್ಲ. ಆದರೆ ಬಾಗಿಲ ಹಿಂದಿದ್ದ ಮಗಳು ಅಪ್ಪನಿಗೆ ಹೇಳಿದಳಂತೆ: "ಹಿಂದ ಬಂದವರು ಅಡಗಿ ಬರ್ತದೇನು, ಹೊಲಗಿ ಬರ್ತದೇನು ಅಂತ ಕೇಳಿದ್ರು. ಇವರು ದಾರ ಯಾವದು ಅಂತ ಕೇಳಿದ್ರು. ನನಗ ಇವರ ಆಗ್ತದ." ಇದನ್ನು ಆಕೆಯೇ ಮುಂದೆ ನನಗೆ ಹೇಳಿದ್ದು. ಹೇಳುವಾಗ ತಿರುಗಿ ಕೂತು ಅಕ್ಕಿ ಆರಿಸುತ್ತಿದ್ದಳು.

ಮದುವೆ ಮುಗಿದು ಶಿಗ್ಗಾಂವಿಗೆ ಹೊರಟೆವು. ಮೋಟಾರು ತುಂಬಿತ್ತು. ಅವಳ ತಂಬೂರಿಯನ್ನು ಮೇಲೆ ಗಂಟುಗಳ ಜೊತೆ ಹಾಕಿರೆಂದ ಕಂಡಕ್ಟರ. ನನ್ನ ಹೆಂಡತಿ ತನ್ನ ಸೀಟಿನಲ್ಲಿ ತಂಬೂರಿಯನ್ನು ಕೂರಿಸಿ, ತಾನು ಹಣೆಯಲ್ಲಿ ಬಾಸಿಂಗದ ಗುರುತಿನೊಂದಿಗೆ ನಿಂತುಕೊಂಡಳು. ನಾನು ಎದ್ದು ನನ್ನ ಜಾಗ ಕೊಟ್ಟೆ. ಅಲ್ಲಿ ಕೂತು ತಂಬೂರಿಯ ಕುತ್ತಿಗೆಗೆ ಕೈ ಹಾಕಿ ಹಿಡಿದುಕೊಂಡಳು.

ಎದುರಿನ ಸೀಟಿನ ಮುದುಕಿಯೊಬ್ಬಳು ಗವಸನ್ನು ಸರಿಸಿ, ಬುರುಡೆಯನ್ನು ಬೆರಳಿನಿಂದ ಬಡಿದು ನೋಡಿದಳು. "ಬೀಜಕ್ಕ ಇಟ್ಟ ಕುಂಬಳಕಾಯೇನವ್ವಾ ಇದು?"

"ಅಲ್ಲಜ್ಜಿ, ಇದಕ್ಕ ತಂತಿ ಇರ್ತಾವ" ಎಂದು ನನ್ನ ಹೆಂಡತಿ ಬಹಳ ಶ್ರದ್ಧೆಯಿಂದ ಶುರುಮಾಡಿದಳು. ಬಂಕಾಪುರ ಬಂದರೂ ಅವಳಿನ್ನೂ ಎರಡನೆಯ ತಂತಿಯಲ್ಲೇ ಇದ್ದಳು. ಮುದುಕಿ ಎಂದೋ ನಿದ್ದೆ ಹೋಗಿದ್ದಳು. ನಾನು ಮೇಲಿನ ಸರಳು ಹಿಡಿದು ನಿಂತು, ಅವಳು ನಾಲ್ಕನೆಯದಕ್ಕೆ ಬರುವುದನ್ನೇ ಕಾಯುತ್ತಿದ್ದೆ.